ಫೈಲಿನಲ್ಲಿ ಕಾಣದ ಅರ್ಧ ಸ್ಕ್ರಿಪ್ಟ್

ಡೇಟಾಬೇಸ್ ಸ್ಕ್ರಿಪ್ಟ್ ಒಂದು ಸರ್ವರ್‌ನಲ್ಲಿ ಓಡಿ ಇನ್ನೊಂದರಲ್ಲಿ ಬಿದ್ದರೆ ಎಲ್ಲರೂ ಮೊದಲು ಫೈಲನ್ನೇ ತೆರೆದು ನೋಡುತ್ತಾರೆ. ಫೈಲ್ ಬದಲಾಗಿಲ್ಲ, ಸಾಲುಗಳು ಅವೇ. ಬದಲಾಗಿರುವುದು ಆ ಸಾಲುಗಳಿಗೆ ಅರ್ಥ ಕೊಡುವ ಸರ್ವರ್. ಯಾವ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಬಗೆ), ಯಾವ ಕೊಲೇಶನ್ (ಪಠ್ಯವನ್ನು ಹೋಲಿಸುವ, ಜೋಡಿಸುವ ನಿಯಮ), ಯಾವ ಎಸ್‌ಕ್ಯೂಎಲ್ ಮೋಡ್ (ಸರ್ವರ್ ಎಷ್ಟು ಕಟ್ಟುನಿಟ್ಟು ಎಂಬುದರ ಸೆಟ್ಟಿಂಗ್), ಟೈಮ್‌ಸ್ಟಾಂಪ್ ಕಾಲಂಗೆ ಯಾವ ಡಿಫಾಲ್ಟ್ ಎಂಬುದನ್ನು ಬರೆದವರು ಹೇಳದೆ ಬಿಟ್ಟಿದ್ದರೆ ಆ ಜಾಗವನ್ನೆಲ್ಲ ಸರ್ವರ್ ತನ್ನ ಇಷ್ಟದಂತೆ ತುಂಬಿಕೊಳ್ಳುತ್ತದೆ. ಆವೃತ್ತಿ ಬದಲಾದರೆ ಇಷ್ಟವೂ ಬದಲಾಗುತ್ತದೆ.

ಇಲ್ಲಿ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನ 5.7ರಿಂದ 8.0ಕ್ಕೆ ಹೋಗುವ ದಾರಿಯನ್ನೇ ಮುಖ್ಯವಾಗಿ ಹಿಡಿದಿದ್ದೇನೆ. 5.7ಕ್ಕೆ ಅಧಿಕೃತ ಬೆಂಬಲ ನಿಂತದ್ದು 2023ರ ಅಕ್ಟೋಬರ್‌ನಲ್ಲಿ. ಆದರೂ ಹಳೆಯ ಹೋಸ್ಟಿಂಗ್‌ಗಳಲ್ಲಿ, ಕಚೇರಿಯ ಮೂಲೆಯ ಸರ್ವರ್‌ಗಳಲ್ಲಿ ಅದು ಇನ್ನೂ ಓಡುತ್ತಲೇ ಇದೆ. ಮಧ್ಯೆ ಮಧ್ಯೆ ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದ ಮರಿಯಾಡಿಬಿಯೂ ಬರುತ್ತದೆ. ಎರಡೂ ಒಂದೇ ಎಂದುಕೊಂಡು ಡಂಪ್ ಫೈಲನ್ನು (ಇಡೀ ಡೇಟಾಬೇಸನ್ನು ಎಸ್‌ಕ್ಯೂಎಲ್ ಸಾಲುಗಳಾಗಿ ಬರೆದಿಟ್ಟ ಪ್ರತಿ) ಅತ್ತಿಂದಿತ್ತ ಹಾಕುವವರು ಬಹಳ.

ಮೊದಲು ಮಾಡಬೇಕಾದ್ದು ಎರಡೂ ಸರ್ವರ್‌ಗಳಿಗೆ ಒಂದೇ ಪ್ರಶ್ನೆ ಕೇಳುವುದು. ವರ್ಷನ್, ವರ್ಷನ್_ಕಾಮೆಂಟ್, ಎಸ್‌ಕ್ಯೂಎಲ್_ಮೋಡ್, ಕ್ಯಾರೆಕ್ಟರ್_ಸೆಟ್_ಸರ್ವರ್, ಕೊಲೇಶನ್_ಸರ್ವರ್, ಲೋವರ್_ಕೇಸ್_ಟೇಬಲ್_ನೇಮ್ಸ್, ಎಕ್ಸ್‌ಪ್ಲಿಸಿಟ್_ಡಿಫಾಲ್ಟ್ಸ್_ಫಾರ್_ಟೈಮ್‌ಸ್ಟಾಂಪ್, ಟೈಮ್_ಜೋನ್, ಮ್ಯಾಕ್ಸ್_ಅಲೌಡ್_ಪ್ಯಾಕೆಟ್. ಈ ಒಂಬತ್ತನ್ನು ಒಂದೇ ಸೆಲೆಕ್ಟ್‌ನಲ್ಲಿ ತೆಗೆದು, ಎರಡೂ ಕಡೆಯ ಉತ್ತರವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅರ್ಧ ತಲೆನೋವು ಅಲ್ಲೇ ಗೊತ್ತಾಗುತ್ತದೆ. ವರ್ಷನ್_ಕಾಮೆಂಟ್ ಬಿಡಬೇಡಿ. ಮೈಎಸ್‌ಕ್ಯೂಎಲ್ ಎಂದು ಹೋಸ್ಟಿಂಗ್‌ನವರು ಕರೆಯುವುದು ಒಳಗೆ ಮರಿಯಾಡಿಬಿ ಆಗಿರುವುದು ಅಪರೂಪವಲ್ಲ, ಅದನ್ನು ಹೇಳುವುದು ವರ್ಷನ್ ಮತ್ತು ಈ ಸಾಲು.

ಮುಂದಿನದು ಎರರ್ ಓದುವ ಕೆಲಸ. ಎರರ್‌ನಲ್ಲಿ ಬರುವ ಸಾಲಿನ ಸಂಖ್ಯೆ ಡಂಪ್ ಫೈಲಿನಲ್ಲಿ ಆ ಸ್ಟೇಟ್‌ಮೆಂಟ್ ಎಲ್ಲಿ ಶುರುವಾಗುತ್ತದೋ ಆ ಜಾಗ. 4213ನೇ ಸಾಲು ಎಂದರೆ ಆ ಒಂದೇ ಸಾಲಿನಲ್ಲಿ ಸಾವಿರಾರು ರೋ-ಗಳ (ಟೇಬಲ್‌ನ ಒಂದೊಂದು ದಾಖಲೆಯ) ಇನ್ಸರ್ಟ್ ಇರಬಹುದು. ಎಡಿಟರ್‌ನಲ್ಲಿ ತೆರೆಯಲು ಹೋದರೆ ಲ್ಯಾಪ್‌ಟಾಪ್ ನಿಂತೇ ಹೋಗುತ್ತದೆ. ಸೆಡ್ ಕಮಾಂಡ್‌ನಿಂದ ಆ ಒಂದು ಸಾಲನ್ನು ಮಾತ್ರ ಎತ್ತಿ, ಕಟ್ ಕಮಾಂಡ್‌ನಿಂದ ಮೊದಲ 300 ಅಕ್ಷರ ನೋಡಿದರೆ ಯಾವ ಟೇಬಲ್ ಎಂದು ತಿಳಿಯುತ್ತದೆ. ಯಾವ ರೋ ಎಂದೂ ತಿಳಿಯಬೇಕಾದರೆ ಆ ಟೇಬಲ್ ಒಂದನ್ನು ಸ್ಕಿಪ್-ಎಕ್ಸ್‌ಟೆಂಡೆಡ್-ಇನ್ಸರ್ಟ್ ಆಯ್ಕೆಯೊಂದಿಗೆ ಮತ್ತೆ ಡಂಪ್ ಮಾಡಿ. ಒಂದು ಸಾಲಿಗೆ ಒಂದು ರೋ ಬರುತ್ತದೆ. ಲೋಡ್ ನಿಧಾನ, ಹುಡುಕಾಟ ಸುಲಭ. ಇನ್ನು 1064, ಅಂದರೆ ಸಿಂಟ್ಯಾಕ್ಸ್ ಎರರ್. ಅದರಲ್ಲಿ 'ನಿಯರ್' ಎಂದಾದ ಮೇಲೆ ಉಲ್ಲೇಖಿಸುವ ಪಠ್ಯದ ಮೊದಲ ಪದ, ಅಥವಾ ಅದಕ್ಕಿಂತ ಸ್ವಲ್ಪ ಹಿಂದಿನದು, ಸರ್ವರ್‌ಗೆ ಅರ್ಥವಾಗದ್ದು. ಅಲ್ಲಿಂದ ಮುಂದಕ್ಕೆ ಹುಡುಕುವುದು ವ್ಯರ್ಥ.

ಡಂಪ್ ಫೈಲಿನ ತಲೆಯಲ್ಲಿ ಇರುವ, ಕಾಮೆಂಟ್‌ನಂತೆ ಕಾಣುವ ಸಾಲುಗಳ ಬಗ್ಗೆ ಇಲ್ಲಿಯೇ ಹೇಳಬೇಕು. ಓರೆಗೆರೆ, ನಕ್ಷತ್ರ, ಆಶ್ಚರ್ಯಸೂಚಕ, ಆಮೇಲೆ 40101 ಎಂಬ ಸಂಖ್ಯೆ. ಇದು ಕಾಮೆಂಟ್ ಅಲ್ಲ. ಸರ್ವರ್ 4.1.1 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಒಳಗಿರುವುದನ್ನು ಓಡಿಸು ಎಂಬ ಆಜ್ಞೆ. 80016 ಎಂದಿದ್ದರೆ 8.0.16 ಮತ್ತು ಮೇಲಿನವು ಮಾತ್ರ ಓಡಿಸುತ್ತವೆ, ಹಳೆಯವು ನಿಜವಾದ ಕಾಮೆಂಟ್ ಎಂದೇ ದಾಟಿ ಹೋಗುತ್ತವೆ. ಮರಿಯಾಡಿಬಿ ಮಾತ್ರ 50700ರಿಂದ 99999ರವರೆಗಿನ ಸಂಖ್ಯೆಗಳನ್ನು ಬೇಕೆಂದೇ ನಿರ್ಲಕ್ಷಿಸುತ್ತದೆ, ಏಕೆಂದರೆ 5.7ರ ಹೊತ್ತಿಗೆ ಎರಡರ ದಾರಿ ಬೇರೆಯಾಯಿತು. ಈ ತಲೆಸಾಲುಗಳಲ್ಲೇ ಫಾರಿನ್ ಕೀ (ಒಂದು ಟೇಬಲನ್ನು ಇನ್ನೊಂದಕ್ಕೆ ಕಟ್ಟುವ ಕೊಂಡಿ) ತಪಾಸಣೆ ನಿಲ್ಲಿಸುವುದು, ಕನೆಕ್ಷನ್‌ನ ಕ್ಯಾರೆಕ್ಟರ್ ಸೆಟ್ ಹೇಳುವ ಸೆಟ್ ನೇಮ್ಸ್, ಎಸ್‌ಕ್ಯೂಎಲ್ ಮೋಡನ್ನು 'ನೋ_ಆಟೋ_ವ್ಯಾಲ್ಯೂ_ಆನ್_ಝೀರೋ' ಒಂದಕ್ಕೇ ಇಳಿಸುವುದು ಎಲ್ಲವೂ ಇವೆ.

ದೊಡ್ಡ ಡಂಪ್‌ನಿಂದ ಒಂದು ಟೇಬಲ್ ಮಾತ್ರ ಕತ್ತರಿಸಿ ಬೇರೆ ಫೈಲಿಗೆ ಅಂಟಿಸಿದರೆ ತಲೆ ಹೋಗುತ್ತದೆ, ಅದರ ಜೊತೆ ಈ ಸಡಿಲಿಕೆಯೂ ಹೋಗುತ್ತದೆ. ಪೂರ್ತಿ ಡಂಪ್‌ನಲ್ಲಿ ಸುಮ್ಮನೆ ಲೋಡ್ ಆಗಿದ್ದ ಟೇಬಲ್ ಈಗ 1067 ಎಂದು ಕೂಗುತ್ತದೆ, ಡಿಫಾಲ್ಟ್ ಬೆಲೆ ಸರಿಯಿಲ್ಲ ಎಂದು. ಕಾರಣ '0000-00-00 00:00:00' ಎಂಬ ಡಿಫಾಲ್ಟ್. 5.7.8ರಿಂದ ಡಿಫಾಲ್ಟ್ ಮೋಡ್‌ನಲ್ಲಿ 'ನೋ_ಝೀರೋ_ಡೇಟ್' ಸೇರಿಕೊಂಡಿದೆ. ಕತ್ತರಿಸುವುದಾದರೆ ತಲೆಯ ಹದಿನೈದಿಪ್ಪತ್ತು ಸಾಲುಗಳನ್ನೂ ಬಾಲದ ಸಾಲುಗಳನ್ನೂ ಜೊತೆಗೆ ಕತ್ತರಿಸಿ. ಇಷ್ಟು ಮಾಡಿದರೆ ಲೋಡ್ ಆಗುತ್ತದೆ, ಆದರೆ ಕಾಯಿಲೆ ಉಳಿಯುತ್ತದೆ. ನಾಳೆ ಆ ಟೇಬಲ್‌ಗೆ ಯಾವುದೋ ಸಣ್ಣ ಆಲ್ಟರ್ (ರಚನೆ ಬದಲಿಸುವ ಆಜ್ಞೆ) ಓಡಿಸಿದಾಗ ಅದೇ 1067 ಮತ್ತೆ ಬರುತ್ತದೆ. ಆ ಕಾಲಂ ಅನ್ನು ನಲ್ ಒಪ್ಪುವಂತೆ ಮಾಡಿ, ಸೊನ್ನೆ ದಿನಾಂಕಗಳನ್ನೆಲ್ಲ ನಲ್ ಮಾಡುವುದೇ ನೆಟ್ಟಗಿನ ದಾರಿ.

ಎರರ್ ಕೊಡುವ ಸಮಸ್ಯೆಗಳಲ್ಲಿ ಹೆಚ್ಚು ಹೆಸರಾದದ್ದು 1273, ಅಂದರೆ ಈ ಕೊಲೇಶನ್ ನನಗೆ ಗೊತ್ತಿಲ್ಲ ಎಂಬುದು. 8.0ರ ಡಿಫಾಲ್ಟ್ ಕೊಲೇಶನ್ ಯುಟಿಎಫ್8ಎಂಬಿ4_0900_ಎಐ_ಸಿಐ. ಯೂನಿಕೋಡ್ ಕೊಲೇಶನ್ ಅಲ್ಗಾರಿದಮ್‌ನ 9.0.0 ಆವೃತ್ತಿ ಎಂದು ಆ 0900ರ ಅರ್ಥ. 5.7ಕ್ಕೆ ಇದು ಗೊತ್ತಿಲ್ಲ, ಹಳೆಯ ಮರಿಯಾಡಿಬಿಗೂ ಗೊತ್ತಿಲ್ಲ. ಅತ್ತಲಿಂದ ಹೊಸ ಮರಿಯಾಡಿಬಿಯ ಯುಸಿಎ1400 ಕೊಲೇಶನ್‌ಗಳನ್ನು ಮೈಎಸ್‌ಕ್ಯೂಎಲ್ ಅರಿಯದು. ಸಿಕ್ಕಲ್ಲೆಲ್ಲ ಕೊಡುವ ಉಪಾಯ ಒಂದೇ: ಸೆಡ್ ಹಾಕಿ ಇಡೀ ಫೈಲಿನಲ್ಲಿ ಹೆಸರು ಬದಲಿಸಿ. ಕೆಲಸ ನಡೆಯುತ್ತದೆ, ಆದರೆ ಸೆಡ್‌ಗೆ ಸ್ಕೀಮಾ (ಟೇಬಲ್‌ಗಳ ರಚನೆ) ಯಾವುದು ಡೇಟಾ ಯಾವುದು ಗೊತ್ತಿಲ್ಲ. ತಾಂತ್ರಿಕ ಲೇಖನಗಳನ್ನೇ ತುಂಬಿಕೊಂಡ ಟೇಬಲ್ ಇದ್ದರೆ ಲೇಖನದೊಳಗಿನ ಪದವೂ ಬದಲಾಗಿ ಕೂರುತ್ತದೆ.

ಆದ್ದರಿಂದ ಆವೃತ್ತಿ ದಾಟುವ ಡಂಪನ್ನು ಮೂರು ಫೈಲಾಗಿ ತೆಗೆಯುವುದೇ ಮೇಲು. ಮೊದಲನೆಯದು ನೋ-ಡೇಟಾ ಮತ್ತು ಸ್ಕಿಪ್-ಟ್ರಿಗರ್ಸ್ ಸೇರಿಸಿದ ಸ್ಕೀಮಾ. ಎರಡನೆಯದು ನೋ-ಕ್ರಿಯೇಟ್-ಇನ್ಫೋ ಮತ್ತು ಸ್ಕಿಪ್-ಟ್ರಿಗರ್ಸ್ ಸೇರಿಸಿದ ಡೇಟಾ. ಮೂರನೆಯದರಲ್ಲಿ ಡೇಟಾವೂ ಇಲ್ಲ, ಟೇಬಲ್ ರಚನೆಯೂ ಇಲ್ಲ, ರೂಟೀನ್ಸ್ (ಸರ್ವರ್‌ನಲ್ಲೇ ಇಟ್ಟ ಪ್ರೊಸೀಜರ್, ಫಂಕ್ಷನ್‌ಗಳು), ಇವೆಂಟ್ಸ್ (ನಿಗದಿತ ಸಮಯಕ್ಕೆ ಓಡುವವು), ಟ್ರಿಗರ್ಸ್ (ರೋ ಬದಲಾದಾಗ ತಾವೇ ಓಡುವವು) ಮಾತ್ರ. ಸ್ಕೀಮಾ ಫೈಲ್ ಕೆಲವು ನೂರು ಕಿಲೋಬೈಟ್ ಇರುತ್ತದೆ, ಕಣ್ಣಲ್ಲಿ ಓದಿ ಕೈಯಲ್ಲಿ ತಿದ್ದಬಹುದು. ಎರಡೂ ಕಡೆ ಸ್ಕಿಪ್-ಟ್ರಿಗರ್ಸ್ ಮರೆತರೆ ಏನಾಗುತ್ತದೆ ಎಂದರೆ, ಸ್ಕೀಮಾ ಜೊತೆಯಲ್ಲೇ ಟ್ರಿಗರ್‌ಗಳು ಬಂದು ಕೂತು, ಡೇಟಾ ಲೋಡ್ ಆಗುವಾಗ ಪ್ರತಿ ರೋ-ಗೂ ಓಡಿ, ಆಡಿಟ್ ಟೇಬಲ್‌ನಲ್ಲಿ ಇಲ್ಲದ ದಾಖಲೆಗಳನ್ನು ಹುಟ್ಟಿಸುತ್ತವೆ. ಸಾಮಾನ್ಯ ಒಂದೇ ಫೈಲಿನ ಡಂಪ್‌ನಲ್ಲಿ ಟ್ರಿಗರ್‌ಗಳು ಡೇಟಾದ ನಂತರ ಬರುವುದರಿಂದ ಈ ತೊಂದರೆ ಕಾಣುವುದಿಲ್ಲ.

ಮೂರನೆಯ ಫೈಲಿಗೆ ಎರಡು ಕಾಯಿಲೆ. 5.7ರಲ್ಲಿ ಹುಟ್ಟಿದ ಪ್ರೊಸೀಜರ್ ಮತ್ತು ಟ್ರಿಗರ್‌ಗಳು ತಮ್ಮ ಹುಟ್ಟಿನ ಕಾಲದ ಎಸ್‌ಕ್ಯೂಎಲ್ ಮೋಡನ್ನು ನೆನಪಿಟ್ಟುಕೊಂಡಿರುತ್ತವೆ. ಡಂಪ್ ಅದನ್ನು ಪ್ರತಿಯೊಂದರ ಮುಂದೆಯೂ ಬರೆಯುತ್ತದೆ. ಅದರಲ್ಲಿ 'ನೋ_ಆಟೋ_ಕ್ರಿಯೇಟ್_ಯೂಸರ್' ಇದ್ದರೆ 8.0 ಒಪ್ಪದೆ 1231 ಕೊಡುತ್ತದೆ, ಆ ಮೋಡನ್ನು 8.0.11ರಲ್ಲಿ ತೆಗೆದುಹಾಕಿದ್ದಾರೆ. ಹೆಸರನ್ನೂ ಅದರ ಪಕ್ಕದ ಅಲ್ಪವಿರಾಮವನ್ನೂ ಅಳಿಸಿದರೆ ಸಾಕು. ಎರಡನೆಯದು ಡಿಫೈನರ್, ಅಂದರೆ ಯಾರ ಅಧಿಕಾರದಲ್ಲಿ ಓಡಬೇಕು ಎಂಬ ಹೆಸರು. ಹಳೆಯ ಸರ್ವರ್‌ನ ಯಾವುದೋ ಯೂಸರ್ ಹೆಸರು ಅದರಲ್ಲಿ ಇರುತ್ತದೆ. ಹೋಸ್ಟಿಂಗ್‌ನಲ್ಲಿ ನಿಮಗೆ ಮೇಲಿನ ಅಧಿಕಾರ ಇಲ್ಲದಿದ್ದರೆ ಲೋಡ್ ಮಾಡುವಾಗಲೇ 1227 ಬರುತ್ತದೆ. ಅಧಿಕಾರ ಇದ್ದರೆ ಲೋಡ್ ಆಗಿಬಿಡುತ್ತದೆ, ವಾರದ ನಂತರ ಯಾರೋ ಆ ಪ್ರೊಸೀಜರ್ ಓಡಿಸಿದಾಗ 1449, ಡಿಫೈನರ್ ಎಂದು ಹೇಳಿದ ಯೂಸರ್ ಇಲ್ಲವೇ ಇಲ್ಲ ಎಂದು. ಎರಡರಲ್ಲಿ ಮೊದಲನೆಯದೇ ವಾಸಿ.

ಡಂಪ್ ತೆಗೆಯುವ ಕ್ಲೈಂಟ್‌ನ ಆವೃತ್ತಿಯೂ ಲೆಕ್ಕಕ್ಕೆ ಬರುತ್ತದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ನಿಮ್ಮ ಯಂತ್ರದಲ್ಲಿ 8.0ರ ಮೈಎಸ್‌ಕ್ಯೂಎಲ್‌ಡಂಪ್ ಇದ್ದು, ಸರ್ವರ್ 5.7 ಆಗಿದ್ದರೆ ಕಾಲಂ_ಸ್ಟ್ಯಾಟಿಸ್ಟಿಕ್ಸ್ ಟೇಬಲ್ ಇಲ್ಲ ಎಂದು 1109 ಬರುತ್ತದೆ. ಕಾಲಂ-ಸ್ಟ್ಯಾಟಿಸ್ಟಿಕ್ಸ್=0 ಎಂದು ಸೇರಿಸಿ. ಟೇಬಲ್‌ಸ್ಪೇಸ್‌ಗೆ ಪ್ರೋಸೆಸ್ ಅಧಿಕಾರ ಬೇಕು ಎಂದರೆ ನೋ-ಟೇಬಲ್‌ಸ್ಪೇಸಸ್. ರೆಪ್ಲಿಕೇಶನ್ (ಒಂದು ಸರ್ವರ್‌ನ ಬದಲಾವಣೆ ಇನ್ನೊಂದಕ್ಕೆ ನಕಲಾಗುವುದು) ಇಲ್ಲದ ಕಡೆಗೆ ಹೋಗುವ ಡಂಪ್‌ಗೆ ಸೆಟ್-ಜಿಟಿಐಡಿ-ಪರ್ಜ್ಡ್=ಆಫ್. ಮರಿಯಾಡಿಬಿಯ ಡಂಪ್‌ನಲ್ಲಿ 2024ರ ಮೇ ತಿಂಗಳ ಬಿಡುಗಡೆಗಳಿಂದ ಮೊದಲ ಸಾಲಿನಲ್ಲಿ 999999 ಸಂಖ್ಯೆಯ ಸ್ಯಾಂಡ್‌ಬಾಕ್ಸ್ ಕಾಮೆಂಟ್ ಇರುತ್ತದೆ. ಹಳೆಯ ಕ್ಲೈಂಟ್ ಮತ್ತು ಮೈಎಸ್‌ಕ್ಯೂಎಲ್ ಕ್ಲೈಂಟ್ ಎರಡೂ ಅದನ್ನು ನೋಡಿ ಮೊದಲ ಸಾಲಿನಲ್ಲೇ ಮುಗ್ಗರಿಸಬಹುದು. ಆ ಒಂದು ಸಾಲನ್ನು ಟೇಲ್ ಕಮಾಂಡ್‌ನಿಂದ ಬಿಟ್ಟು ಉಳಿದದ್ದನ್ನು ಕೊಟ್ಟರೆ ಮುಗಿಯಿತು. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಬಾಣದ ಗುರುತಿನಿಂದ ಫೈಲಿಗೆ ಬರೆಸಿದರೆ ಹಳೆಯ ಪವರ್‌ಶೆಲ್ ಅದನ್ನು ಯುಟಿಎಫ್-16 ಮಾಡಿಬಿಡುತ್ತದೆ. ರಿಸಲ್ಟ್-ಫೈಲ್ ಆಯ್ಕೆ ಇರುವುದೇ ಅದಕ್ಕೆ.

1071, ಅಂದರೆ ಇಂಡೆಕ್ಸ್ ಕೀ ಅತಿ ಉದ್ದವಾಯಿತು ಎಂಬ ಎರರ್‌ನ ಕಥೆ ಹಳೆಯದು, ಆದರೂ 5.6ರ ಕಡೆಗೆ ಹೋಗುವವರಿಗೆ ಇನ್ನೂ ಎದುರಾಗುತ್ತದೆ. ಮೈಎಸ್‌ಕ್ಯೂಎಲ್ ಡೇಟಾ ಇಡುವ ಎಂಜಿನ್ ಆದ ಇನ್ನೋಡಿಬಿಯಲ್ಲಿ ಹಳೆಯ ರೋ ಫಾರ್ಮ್ಯಾಟ್‌ಗೆ ಇಂಡೆಕ್ಸ್‌ನ ಒಂದು ಕಾಲಂ ಮಿತಿ 767 ಬೈಟ್. ವಾರ್‌ಕ್ಯಾರ್ 255 ಅನ್ನು ಮೂರು ಬೈಟ್‌ನ ಯುಟಿಎಫ್8ನಲ್ಲಿ ಇಟ್ಟರೆ 765, ಒಳಗೆ ಹಿಡಿಯುತ್ತದೆ. ನಾಲ್ಕು ಬೈಟ್‌ನ ಯುಟಿಎಫ್8ಎಂಬಿ4ರಲ್ಲಿ 1020, ಹಿಡಿಯುವುದಿಲ್ಲ. ವಾರ್‌ಕ್ಯಾರ್ 191 ಎಂಬ ವಿಚಿತ್ರ ಸಂಖ್ಯೆ ಎಷ್ಟೋ ಸ್ಕೀಮಾಗಳಲ್ಲಿ ಕಾಣುವುದು ಇದೇ ಲೆಕ್ಕದಿಂದ, 191 ನಾಲ್ಕಲಿ 764. 5.7ರಲ್ಲಿ ಡಿಫಾಲ್ಟ್ ಫಾರ್ಮ್ಯಾಟ್ ಡೈನಾಮಿಕ್ ಆದ ಮೇಲೆ ಮಿತಿ 3072ಕ್ಕೆ ಏರಿತು. ಟೇಬಲ್‌ನ ಸ್ಕ್ರಿಪ್ಟ್‌ನಲ್ಲೇ ರೋ_ಫಾರ್ಮ್ಯಾಟ್=ಕಾಂಪ್ಯಾಕ್ಟ್ ಎಂದು ಯಾರೋ ಬರೆದಿಟ್ಟಿದ್ದರೆ ಹೊಸ ಸರ್ವರ್‌ನಲ್ಲೂ ಹಳೆಯ ಮಿತಿಯೇ.

ರಿಸರ್ವ್ಡ್ ಪದಗಳ ವಿಷಯ ಬೇಗ ಮುಗಿಸೋಣ. 8.0ರಲ್ಲಿ ರ‍್ಯಾಂಕ್, ಗ್ರೂಪ್ಸ್, ಸಿಸ್ಟಮ್, ವಿಂಡೋ, ಲೀಡ್, ಲ್ಯಾಗ್ ಇವೆಲ್ಲ ಮೀಸಲು. ಡಂಪ್ ಎಲ್ಲ ಹೆಸರುಗಳಿಗೂ ಬ್ಯಾಕ್‌ಟಿಕ್ ಹಾಕುವುದರಿಂದ ಲೋಡ್ ಸಲೀಸಾಗಿ ಆಗುತ್ತದೆ. ಬೀಳುವುದು ಕೈಯಲ್ಲಿ ಬರೆದ ಕ್ವೆರಿಗಳು. ಪಾಸ್‌ವರ್ಡ್ ಫಂಕ್ಷನ್, ಎಸ್‌ಕ್ಯೂಎಲ್_ಕ್ಯಾಶ್ ಸೂಚನೆ, ಗ್ರಾಂಟ್ ಜೊತೆಯಲ್ಲೇ ಯೂಸರ್ ಹುಟ್ಟಿಸುವ ಅಭ್ಯಾಸ ಎಲ್ಲಕ್ಕೂ ಇದೇ ಗತಿ. ಕಾನ್ಫಿಗ್ ಫೈಲಿನಲ್ಲಿ ಕ್ವೆರಿ_ಕ್ಯಾಶ್_ಸೈಜ್ ಉಳಿದಿದ್ದರೆ 8.0 ಸರ್ವರ್ ಏಳುವುದೇ ಇಲ್ಲ.

ಇಷ್ಟೆಲ್ಲ ಆದರೂ ಇವು ಒಳ್ಳೆಯ ಸಮಸ್ಯೆಗಳು. ಕೂಗುತ್ತವೆ, ನಿಲ್ಲಿಸುತ್ತವೆ, ನಂಬರ್ ಕೊಡುತ್ತವೆ. ಮನಸ್ಸಿಗೆ ಭಯವಾಗಬೇಕಾದದ್ದು ಕೂಗದೆ ಓಡಿಬಿಡುವ ಸ್ಕ್ರಿಪ್ಟ್‌ಗಳ ಬಗ್ಗೆ.

ಒಂದೇ ಬೆಲೆಯ ರೋ-ಗಳನ್ನು ಒಟ್ಟುಗೂಡಿಸುವ ಗ್ರೂಪ್ ಬೈ ನೋಡಿ. 5.7ರವರೆಗೆ ಗ್ರೂಪ್ ಬೈ ಮಾಡಿದರೆ ಫಲಿತಾಂಶ ಆ ಕಾಲಂ ಪ್ರಕಾರ ಸಾರ್ಟ್ ಆಗಿಯೇ ಬರುತ್ತಿತ್ತು. 8.0 ಆ ಸೌಜನ್ಯವನ್ನು ಕೈಬಿಟ್ಟಿದೆ. ಆರ್ಡರ್ ಬೈ ಬರೆಯದ ವರದಿಗಳು ಎರರ್ ಇಲ್ಲದೆ ಓಡುತ್ತವೆ, ತಿಂಗಳುಗಳ ಕ್ರಮ ಮಾತ್ರ ಹೇಗೋ ಬರುತ್ತದೆ. ಲಿಮಿಟ್ ಕೂಡ ಇದ್ದರೆ ಕ್ರಮವಷ್ಟೇ ಅಲ್ಲ, ಬರುವ ರೋ-ಗಳೇ ಬೇರೆ. ಕೋಡ್‌ನಲ್ಲಿ ಗ್ರೂಪ್ ಬೈ ಇದ್ದು ಆರ್ಡರ್ ಬೈ ಇಲ್ಲದ ಕ್ವೆರಿಗಳನ್ನೆಲ್ಲ ಗ್ರೆಪ್ ಹಾಕಿ ಹುಡುಕುವುದೊಂದೇ ಉಪಾಯ. ಅದೇ ಕ್ವೆರಿಗಳಲ್ಲಿ ಒಟ್ಟುಗೂಡಿಸದ ಕಾಲಂಗಳಿದ್ದರೆ 1055 ಬರುತ್ತದೆ. ಓನ್ಲಿ_ಫುಲ್_ಗ್ರೂಪ್_ಬೈ ಮೋಡನ್ನೇ ಆಫ್ ಮಾಡುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ನನಗೆ ಅದು ಇಷ್ಟವಿಲ್ಲ. ಯಾವ ಬೆಲೆ ಬರಬೇಕು ಎಂದು ಕ್ವೆರಿ ಹೇಳುತ್ತಿಲ್ಲ ಎಂಬುದೇ ಆ ಎರರ್‌ನ ಮಾತು, ಆ ಮಾತು ನಿಜ. ಎನಿ_ವ್ಯಾಲ್ಯೂ ಫಂಕ್ಷನ್ ಮೈಎಸ್‌ಕ್ಯೂಎಲ್‌ನಲ್ಲಿ ಉಂಟು, ಹಳೆಯ ಮರಿಯಾಡಿಬಿಯಲ್ಲಿ ಇಲ್ಲ. ಎರಡೂ ಕಡೆ ಓಡಬೇಕಾದ ಸ್ಕ್ರಿಪ್ಟ್‌ಗೆ ಮಿನ್ ಅಥವಾ ಮ್ಯಾಕ್ಸ್ ಬರೆಯುವುದೇ ಸರಿ.

ಟೈಮ್‌ಸ್ಟಾಂಪ್ ಇನ್ನೂ ಮೋಸದ್ದು. ಸ್ಕ್ರಿಪ್ಟ್‌ನಲ್ಲಿ ಅಪ್‌ಡೇಟೆಡ್_ಅಟ್ ಟೈಮ್‌ಸ್ಟಾಂಪ್ ಎಂದಷ್ಟೇ ಬರೆದಿದ್ದರೆ 5.7 ಅದನ್ನು ನಾಟ್ ನಲ್ ಮಾಡಿ, ಡಿಫಾಲ್ಟ್ ಈಗಿನ ಸಮಯ ಇಟ್ಟು, ರೋ ಬದಲಾದಾಗಲೆಲ್ಲ ತಾನೇ ತಿದ್ದಿಕೊಳ್ಳುವಂತೆ ಮಾಡುತ್ತಿತ್ತು. ಟೇಬಲ್‌ನ ಮೊದಲ ಟೈಮ್‌ಸ್ಟಾಂಪ್ ಕಾಲಂಗೆ ಮಾತ್ರ ಈ ಉಪಚಾರ. 8.0ರಲ್ಲಿ ಎಕ್ಸ್‌ಪ್ಲಿಸಿಟ್_ಡಿಫಾಲ್ಟ್ಸ್_ಫಾರ್_ಟೈಮ್‌ಸ್ಟಾಂಪ್ ಆನ್ ಆಗಿರುವುದರಿಂದ ಅದೇ ಸಾಲು ನಲ್ ಒಪ್ಪುವ, ಯಾವ ಡಿಫಾಲ್ಟೂ ಇಲ್ಲದ ಕಾಲಂ ಹುಟ್ಟಿಸುತ್ತದೆ. ಸ್ಕ್ರಿಪ್ಟ್ ಓಡಿತು, ಟೇಬಲ್ ಆಯಿತು, ಅಪ್ಲಿಕೇಶನ್ ನಡೆಯಿತು, ಕಾಲಂ ತುಂಬ ನಲ್. ವಿಶೇಷವೆಂದರೆ ಡಂಪ್ ಫೈಲಿಗೆ ಈ ತೊಂದರೆ ಇಲ್ಲ. ಸರ್ವರ್ ತಾನು ಊಹಿಸಿಕೊಂಡದ್ದನ್ನೆಲ್ಲ ಬಿಡಿಸಿ ಬರೆದ ರೂಪವೇ ಡಂಪ್‌ಗೆ ಹೋಗುತ್ತದೆ. ತೊಂದರೆ ಕೈಯಲ್ಲಿ ಬರೆದ ಮೈಗ್ರೇಶನ್ ಫೈಲುಗಳಿಗೆ, ಅಂದರೆ ಟೇಬಲ್ ರಚನೆಯನ್ನು ಹೆಜ್ಜೆ ಹೆಜ್ಜೆಯಾಗಿ ಬದಲಿಸುವ ಸ್ಕ್ರಿಪ್ಟ್‌ಗಳಿಗೆ. ಹಾಗಾಗಿ ಹಳೆಯ ಮೈಗ್ರೇಶನ್‌ಗಳನ್ನು ಮೊದಲಿಂದ ಓಡಿಸಿ ಹೊಸ ಸರ್ವರ್ ಕಟ್ಟುವುದಕ್ಕಿಂತ, ಹಳೆಯ ಸರ್ವರ್‌ನ ಶೋ ಕ್ರಿಯೇಟ್ ಟೇಬಲ್ ಉತ್ತರವನ್ನು ನಂಬುವುದು ಹೆಚ್ಚು ಸುರಕ್ಷಿತ.

ಕಾಲಂನ ಬೆಲೆಗೆ ಷರತ್ತು ಹಾಕುವ ಚೆಕ್ ನಿರ್ಬಂಧದ್ದು ಇದರ ಉಲ್ಟಾ. 8.0.16ಕ್ಕಿಂತ ಮೊದಲು ಮೈಎಸ್‌ಕ್ಯೂಎಲ್ ಚೆಕ್ ಬರೆದರೆ ಓದಿ, ತಲೆದೂಗಿ, ಮರೆತುಬಿಡುತ್ತಿತ್ತು. ಈಗ ಜಾರಿ ಮಾಡುತ್ತದೆ. ವರ್ಷಗಟ್ಟಲೆ ಯಾರೂ ಪರೀಕ್ಷಿಸದ ಷರತ್ತು ಒಮ್ಮೆಲೇ ಜೀವ ತಳೆದು 3819 ಕೊಡುತ್ತದೆ.

ಕನ್ನಡ ಪಠ್ಯ ಇಟ್ಟುಕೊಂಡವರಿಗೆ ಕೊಲೇಶನ್ ಬದಲಾವಣೆ ಬೇರೆಯವರಿಗಿಂತ ಹೆಚ್ಚು ಕಾಡುತ್ತದೆ. ನಮ್ಮ ಲಿಪಿಯ ಪ್ರತಿ ಸಂಕೇತ ಯುಟಿಎಫ್-8ರಲ್ಲಿ ಮೂರು ಬೈಟ್. ಆದ್ದರಿಂದ ಮೈಎಸ್‌ಕ್ಯೂಎಲ್‌ನ ಹಳೆಯ ಮೂರು ಬೈಟ್‌ನ ಯುಟಿಎಫ್8ನಲ್ಲಿ ಕನ್ನಡ ಚೆನ್ನಾಗಿಯೇ ಕೂರುತ್ತದೆ, ಒಂದು ಇಮೋಜಿ ಬಂದಾಗ ಮಾತ್ರ 1366, ಪಠ್ಯದ ಬೆಲೆ ಸರಿಯಿಲ್ಲ ಎಂದು. ತಪ್ಪು ಬೆಲೆಯನ್ನು ತಿರಸ್ಕರಿಸುವ ಸ್ಟ್ರಿಕ್ಟ್ ಮೋಡ್ ಇಲ್ಲದ ಹಳೆಯ ಸರ್ವರ್‌ನಲ್ಲಿ ಎರರ್ ಕೂಡ ಇಲ್ಲ, ಇಮೋಜಿಯಿಂದ ಮುಂದಿನ ಪಠ್ಯವೆಲ್ಲ ಕತ್ತರಿಸಿಹೋಗುತ್ತಿತ್ತು. ಕೆಲವು ಹಳೆಯ ಕಾಮೆಂಟ್‌ಗಳು ವಾಕ್ಯದ ಮಧ್ಯೆ ನಿಂತಿದ್ದರೆ ಬರೆದವರನ್ನು ದೂರಬೇಡಿ.

'ಸಾಫ್ಟ್‌ವೇರ್' ಎಂದು ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯಿನರ್ ಹಾಕುವವರೂ ಇದ್ದಾರೆ, ಹಾಕದವರೂ ಇದ್ದಾರೆ. ಹಳೆಯ ಜನರಲ್_ಸಿಐ ಕೊಲೇಶನ್‌ಗೆ ಇವು ಎರಡು ಬೇರೆ ಪದ. 0900_ಎಐ_ಸಿಐ ಆ ಕಾಣದ ಸಂಕೇತವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಎರಡೂ ಒಂದೇ. ಟ್ಯಾಗ್ ಹೆಸರುಗಳ ಮೇಲೆ ಯೂನಿಕ್ ಕೀ (ಒಂದೇ ಬೆಲೆ ಎರಡು ಸಲ ಬರಬಾರದೆಂಬ ನಿಯಮ) ಇದ್ದು, ಟೇಬಲನ್ನು ಹೊಸ ಕೊಲೇಶನ್‌ಗೆ ತಿರುಗಿಸಿದರೆ 1062, ಡೂಪ್ಲಿಕೇಟ್. ಎರಡೂ ಪದ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ, ಹಿಂದೆ ಹೇಗೆ ಒಳಗೆ ಬಂದವು ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಹೆಕ್ಸ್ ಫಂಕ್ಷನ್ ಹಾಕಿ ನೋಡಿದರೆ ಒಂದರಲ್ಲಿ ಮಾತ್ರ ಇ2 80 8ಸಿ ಎಂಬ ಮೂರು ಬೈಟ್ ಹೆಚ್ಚು. ಕೊನೆಯ ಖಾಲಿ ಜಾಗದ್ದೂ ಹೀಗೆಯೇ, ದಿಕ್ಕು ಮಾತ್ರ ತಿರುಗಾಮುರುಗ. ಹಳೆಯ ಕೊಲೇಶನ್‌ಗಳು ಕೊನೆಯ ಸ್ಪೇಸ್ ಗಣಿಸುವುದಿಲ್ಲ, 0900 ಗಣಿಸುತ್ತದೆ. 8.0ದಿಂದ ಹಿಂದಕ್ಕೆ ಬರುವಾಗ ಡೂಪ್ಲಿಕೇಟ್ ಆಗುವುದು ಅದರಿಂದ.

ತಿರುಗಿಸುವ ಮೊದಲೇ ಪರೀಕ್ಷಿಸಬಹುದು. ಡೇಟಾದ ಪ್ರತಿಯನ್ನು ಹಳೆಯ ಕೊಲೇಶನ್‌ನಲ್ಲೇ 8.0ಕ್ಕೆ ತುಂಬಿ, ಯೂನಿಕ್ ಕಾಲಂ ಮುಂದೆ ಕೊಲೇಟ್ ಎಂದು ಹೊಸ ಹೆಸರು ಬರೆದು ಗ್ರೂಪ್ ಬೈ ಮಾಡಿ, ಎಣಿಕೆ ಒಂದಕ್ಕಿಂತ ಹೆಚ್ಚಿರುವುದನ್ನು ಹ್ಯಾವಿಂಗ್‌ನಿಂದ ತೆಗೆದರೆ ಸಿಕ್ಕಿಹಾಕಿಕೊಳ್ಳುವ ರೋ-ಗಳೆಲ್ಲ ಎದುರಿಗೆ. ಕೋಡ್, ಸ್ಲಗ್, ರಸೀದಿ ನಂಬರ್‌ನಂಥ ಕಾಲಂಗಳಿಗೆ ಭಾಷೆಯ ಜಾಣತನ ಬೇಕಿಲ್ಲ, ಯುಟಿಎಫ್8ಎಂಬಿ4_ಬಿನ್ ಕೊಟ್ಟುಬಿಡಿ, 5.5.3ರಿಂದ ಈಚಿನ ಎಲ್ಲ ಆವೃತ್ತಿಗೂ ಅದು ಗೊತ್ತು. ಕನ್ನಡಕ್ಕೆಂದೇ ಪ್ರತ್ಯೇಕ ಕೊಲೇಶನ್ ಮೈಎಸ್‌ಕ್ಯೂಎಲ್‌ನಲ್ಲಿ ಇಲ್ಲ.

ಇನ್ನೂ ಹಳೆಯ ಡೇಟಾ ಇದ್ದರೆ ಲ್ಯಾಟಿನ್1ರ ಪಾಪ ಹೊರಬೇಕು. 5.7ರವರೆಗೂ ಡಿಫಾಲ್ಟ್ ಲ್ಯಾಟಿನ್1. ಅಪ್ಲಿಕೇಶನ್ ಕೂಡ ಲ್ಯಾಟಿನ್1 ಎಂದೇ ಹೇಳಿಕೊಂಡು ಕನ್ನಡದ ಬೈಟ್‌ಗಳನ್ನು ಹಾಗೇ ಒಳಗೆ ತುರುಕಿ, ಹಾಗೇ ಹೊರಗೆ ತೆಗೆಯುತ್ತಿದ್ದರೆ ಎಲ್ಲರಿಗೂ ಸರಿಯಾಗಿಯೇ ಕಾಣುತ್ತಿತ್ತು. ಕನೆಕ್ಷನ್ ಯುಟಿಎಫ್8ಎಂಬಿ4 ಆದ ದಿನ ಪರದೆ ತುಂಬ ಮೇಲೆ ಓರೆಗೆರೆ ಇರುವ ಸಣ್ಣ ಲ್ಯಾಟಿನ್ ಎ, ಅದರ ಪಕ್ಕ ವರ್ಗದ 2 ಅಥವಾ ಘನದ 3. ಕನ್ನಡದ ಎಲ್ಲ ಸಂಕೇತಗಳೂ ಇ0 ಬಿ2 ಅಥವಾ ಇ0 ಬಿ3 ಬೈಟ್‌ಗಳಿಂದ ಶುರುವಾಗುವುದರಿಂದ ನಮ್ಮ ಕೆಟ್ಟ ಪಠ್ಯಕ್ಕೆ ಈ ಖಾಸಾ ಗುರುತು. ಇಲ್ಲಿ ಕನ್ವರ್ಟ್ ಟು ಕ್ಯಾರೆಕ್ಟರ್ ಸೆಟ್ ಬಳಸಬೇಡಿ. ಅದು ಲ್ಯಾಟಿನ್ ಅಕ್ಷರಗಳೇ ನಿಜವೆಂದು ನಂಬಿ, 'ಕ'ದ ಇ0 ಬಿ2 95 ಎಂಬ ಮೂರು ಬೈಟನ್ನು ಸಿ3 ಎ0 ಸಿ2 ಬಿ2 ಇ2 80 ಎ2 ಎಂಬ ಏಳು ಬೈಟ್ ಮಾಡಿಬಿಡುತ್ತದೆ. ಕಾಲಂ ಅನ್ನು ಮೊದಲು ಬ್ಲಾಬ್ ಅಥವಾ ವಾರ್‌ಬೈನರಿ ಮಾಡಿ, ಆಮೇಲೆ ಯುಟಿಎಫ್8ಎಂಬಿ4ರ ಟೆಕ್ಸ್ಟ್ ಅಥವಾ ವಾರ್‌ಕ್ಯಾರ್ ಮಾಡಿ. ಬೈನರಿಯ ಮೂಲಕ ಹೋದರೆ ಬೈಟ್‌ಗಳು ಮುಟ್ಟದೆ ಉಳಿಯುತ್ತವೆ. ಲ್ಯಾಟಿನ್1ರ ವಾರ್‌ಕ್ಯಾರ್ 50ರಲ್ಲಿ ಹಿಡಿಯುತ್ತಿದ್ದದ್ದು ಬರೀ 16 ಕನ್ನಡ ಸಂಕೇತ, ಆದ್ದರಿಂದ ಕೊನೆಯ ಸಂಕೇತ ಅರ್ಧಕ್ಕೆ ತುಂಡಾದ ರೋ-ಗಳು ಇದ್ದೇ ಇರುತ್ತವೆ. ಎರಡನೆಯ ಹೆಜ್ಜೆಯಲ್ಲಿ ಅವೇ 1366 ಕೊಡುವುದು, ಕೊನೆಯ ಒಂದೆರಡು ಬೈಟ್ ಕತ್ತರಿಸಿ ಮುಂದುವರಿಯಬೇಕು.

ಹಳೆಯ ಟೇಬಲ್‌ಗಳು ಜನರಲ್_ಸಿಐಯಲ್ಲೇ ಉಳಿದು, ಹೊಸ ಮೈಗ್ರೇಶನ್ ಬರೀ ಯುಟಿಎಫ್8ಎಂಬಿ4 ಎಂದು ಬರೆದು ಕೊಲೇಟ್ ಬಿಟ್ಟರೆ ಹೊಸ ಟೇಬಲ್ 0900 ಆಗುತ್ತದೆ. ಎರಡನ್ನೂ ಜಾಯಿನ್ ಮಾಡಿದಾಗ 1267, ಅಂದರೆ ಕೊಲೇಶನ್‌ಗಳು ಕೂಡುವುದಿಲ್ಲ ಎಂಬುದು, ಪಠ್ಯದ ಕಾಲಂ ಮೇಲೆ ಫಾರಿನ್ ಕೀ ಹಾಕಿದರೆ 3780. ಕ್ರಿಯೇಟ್ ಟೇಬಲ್‌ನಲ್ಲಿ ಕ್ಯಾರೆಕ್ಟರ್ ಸೆಟ್ ಜೊತೆ ಕೊಲೇಟ್ ಬರೆಯುವುದು ಕಡ್ಡಾಯ ಎಂದು ತಂಡದಲ್ಲಿ ನಿಯಮ ಮಾಡಿಕೊಳ್ಳಿ.

ಸ್ಕ್ರಿಪ್ಟ್ ಮಧ್ಯೆ ನಿಂತರೆ ಮತ್ತೆ ಮೊದಲಿಂದ ಓಡಿಸಬಹುದೇ ಎಂಬುದೂ ಮುಖ್ಯ. ಮೈಎಸ್‌ಕ್ಯೂಎಲ್‌ನಲ್ಲಿ ಆಲ್ಟರ್, ಕ್ರಿಯೇಟ್‌ಗಳು ತಾವೇ ಕಮಿಟ್ ಆಗುತ್ತವೆ. ಬಿಗಿನ್ ಮತ್ತು ರೋಲ್‌ಬ್ಯಾಕ್ ನಡುವೆ ಇಟ್ಟರೂ ಏಳನೆಯದು ಬಿದ್ದಾಗ ಮೊದಲ ಆರು ಆಗಿಹೋಗಿರುತ್ತವೆ. 8.0ರ ಅಟಾಮಿಕ್ ಡಿಡಿಎಲ್ (ರಚನೆ ಬದಲಿಸುವ ಆಜ್ಞೆ ಪೂರ್ತಿ ಆಗಬೇಕು, ಇಲ್ಲವೇ ಆಗಲೇಬಾರದು ಎಂಬ ವ್ಯವಸ್ಥೆ) ಒಂದೊಂದು ಸ್ಟೇಟ್‌ಮೆಂಟ್‌ಗೆ ಮಾತ್ರ, ಇಡೀ ಸ್ಕ್ರಿಪ್ಟ್‌ಗಲ್ಲ. ಆ್ಯಡ್ ಕಾಲಂ ಇಫ್ ನಾಟ್ ಎಕ್ಸಿಸ್ಟ್ಸ್ ಮರಿಯಾಡಿಬಿಗೆ ಗೊತ್ತು, ಮೈಎಸ್‌ಕ್ಯೂಎಲ್ 8.0ಕ್ಕೆ ಗೊತ್ತಿಲ್ಲ, 1064 ಬರುತ್ತದೆ. ಎರಡೂ ಕಡೆ ಓಡಬೇಕಾದರೆ ಇನ್‌ಫರ್ಮೇಶನ್_ಸ್ಕೀಮಾದ ಕಾಲಮ್ಸ್ ಟೇಬಲ್ ನೋಡಿ, ಇಲ್ಲದಿದ್ದರೆ ಮಾತ್ರ ಪ್ರಿಪೇರ್ ಮಾಡಿ ಎಕ್ಸಿಕ್ಯೂಟ್ ಮಾಡಬೇಕು. ಬರೆಯಲು ಬೇಸರ, ರಾತ್ರಿ ಹನ್ನೊಂದಕ್ಕೆ ಉಪಕಾರಿ.

ಪರೀಕ್ಷೆಗೆ ಡಾಕರ್‌ನಲ್ಲಿ (ಒಂದೇ ಯಂತ್ರದಲ್ಲಿ ಹಲವು ಸರ್ವರ್‌ಗಳನ್ನು ಬೇರೆ ಬೇರೆ ಕಂಟೇನರ್‌ಗಳಲ್ಲಿ ಓಡಿಸುವ ಸಾಧನ) 5.7 ಮತ್ತು 8.0 ಎರಡನ್ನೂ 3307, 3308 ಪೋರ್ಟ್‌ಗಳಲ್ಲಿ ಒಟ್ಟಿಗೆ ಎಬ್ಬಿಸಿಟ್ಟು, ಒಂದೇ ಸ್ಕ್ರಿಪ್ಟನ್ನು ಎರಡಕ್ಕೂ ಕೊಟ್ಟು, ಎರಡೂ ಕಡೆಯ ನೋ-ಡೇಟಾ ಡಂಪ್ ತೆಗೆದು ಡಿಫ್ ಹಾಕಿ ಹೋಲಿಸುವುದು ನನಗೆ ಗೊತ್ತಿರುವ ಅತಿ ಅಗ್ಗದ ವಿಧಾನ. ಇಂಟ್ 11 ಇದ್ದದ್ದು ಬರೀ ಇಂಟ್ ಆಗಿರುವುದನ್ನು ಡಿಫ್ ತೋರಿಸುತ್ತದೆ. 8.0.19ರಿಂದ ಆ ಅಗಲವನ್ನು ತೋರಿಸುವುದನ್ನು ನಿಲ್ಲಿಸಿದ್ದಾರೆ, ಅದನ್ನು ಬಿಟ್ಟುಬಿಡಿ. ಉಳಿದ ಪ್ರತಿ ವ್ಯತ್ಯಾಸಕ್ಕೂ ಕಾರಣ ಹುಡುಕಿ. ಮೈಎಸ್‌ಕ್ಯೂಎಲ್ ಶೆಲ್‌ನಲ್ಲಿ ಅಪ್‌ಗ್ರೇಡ್ ಪರೀಕ್ಷಿಸುವ ಸೌಲಭ್ಯವೂ ಇದೆ, ಓಡಿಸಿ. ಅದು ಸರ್ವರ್ ಒಳಗಿರುವುದನ್ನು ನೋಡುತ್ತದೆ, ನಿಮ್ಮ ಅಪ್ಲಿಕೇಶನ್ ಕಳಿಸುವ ಕ್ವೆರಿಗಳನ್ನಲ್ಲ.

ಎರಡು ಕಂಟೇನರ್‌ಗೂ ಒಂದೇ ವಾಲ್ಯೂಮ್ ಮಾತ್ರ ಕೊಡಬೇಡಿ. 5.7ರ ಡೇಟಾ ಡೈರೆಕ್ಟರಿಯ ಮೇಲೆ ಇತ್ತೀಚಿನ 8.0 ಒಮ್ಮೆ ಎದ್ದರೆ ಯಾರನ್ನೂ ಕೇಳದೆ ಅದನ್ನು ತನ್ನ ರೂಪಕ್ಕೆ ಮೇಲ್ದರ್ಜೆಗೆ ಏರಿಸುತ್ತದೆ. ಅದಾದ ಮೇಲೆ ಆ ಡೈರೆಕ್ಟರಿಯಿಂದ 5.7 ಏಳುವುದಿಲ್ಲ, ಡೌನ್‌ಗ್ರೇಡ್ ಎಂಬುದೇ ಇಲ್ಲ. ವಾಪಸ್ ಬರಲು ಇರುವ ದಾರಿ ಮೊದಲೇ ತೆಗೆದಿಟ್ಟ ಡಂಪ್ ಅಥವಾ ಬ್ಯಾಕಪ್, ಅದೂ 8.0ರಲ್ಲಿ ಹೊಸ ಡೇಟಾ ಬೀಳುವ ಮೊದಲು.